‘ಓನ್ಲಿ’ ಎಂಬ ಪದದ ಜಾಗ

ಕೇಳುಗರಿಗೆ ನಮಸ್ಕಾರ. ವಿಜಯಪುರದ ಬಸ್ ನಿಲ್ದಾಣದಿಂದ ಯಾರಾದರೂ ಫೋನಿನಲ್ಲಿ ‘ಐ ಆಮ್ ಇನ್ ವಿಜಯಪುರ ಓನ್ಲಿ’ ಎಂದರೆ, ‘ವಿಜಯಪುರದಾಗಽ ಅದೀನಿ’, ಅಂದರೆ ‘ವಿಜಯಪುರದಲ್ಲೇ ಇದ್ದೇನೆ’ ಎಂದು ನಮಗೆ ಥಟ್ಟನೆ ತಿಳಿಯುತ್ತದೆ. ಕನ್ನಡದ ಅವಧಾರಣೆಯ ‘ಏ’ಕಾರ ಒಂದನ್ನು ಒತ್ತಿಯೂ ಹೇಳುತ್ತದೆ, ಉಳಿದವುಗಳನ್ನು ಹೊರಗೂ ಇಡುತ್ತದೆ. ಶಿಷ್ಟ ಇಂಗ್ಲಿಷಿನ ‘ಓನ್ಲಿ’ಗಿರುವುದು ಈ ಎರಡನೆಯ ಕೆಲಸವಷ್ಟೇ, ಆದ್ದರಿಂದ ಬರವಣಿಗೆಯಲ್ಲಿ ಬರೀ ಒತ್ತಿ ಹೇಳುವ ಕಡೆ ಅದನ್ನು ಕೈಬಿಡುವುದೇ ಲೇಸು.

ಹೊರಗಿಡುವ ಕೆಲಸದಲ್ಲಿ ಮಾತ್ರ ಅದರ ಜಾಗ ಬಹಳ ಮುಖ್ಯ. ‘ಗೀತಾ ಸಾ ಗೋಲಗುಂಬಜ ಆನ್ ಸಂಡೇ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ‘ಓನ್ಲಿ’ಯನ್ನು ಗೀತಾಳ ಹಿಂದಿಟ್ಟರೆ, ಅಂದರೆ ಆ ಪದಕ್ಕಿಂತ ಮೊದಲು ಇಟ್ಟರೆ, ಉಳಿದ ಗೆಳತಿಯರಾರೂ ನೋಡಲಿಲ್ಲ ಎಂದಾಗುತ್ತದೆ; ಗೋಲಗುಂಬಜದ ಹಿಂದಿಟ್ಟರೆ ಆಕೆ ಇಬ್ರಾಹಿಂ ರೋಜಾದ ಕಡೆ ಹೋಗಲೇ ಇಲ್ಲ ಎಂದಾಗುತ್ತದೆ; ‘ಆನ್ ಸಂಡೇ’ ಎಂಬುದರ ಹಿಂದಿಟ್ಟರೆ ಬೇರೆ ದಿನ ನೋಡಲಿಲ್ಲ ಎಂದಾಗುತ್ತದೆ. ಕ್ರಿಯಾಪದದ ಹಿಂದಿಟ್ಟಾಗಲೇ ತೊಡಕು, ಏಕೆಂದರೆ ಅಲ್ಲಿ ನಿಂತ ‘ಓನ್ಲಿ’ ಮುಂದಿನ ಯಾವ ಪದಕ್ಕಾದರೂ ಅಂಟಿಕೊಳ್ಳಬಲ್ಲದು. ಹೊರಗಿನಿಂದ ನೋಡಿದಳಷ್ಟೇ, ಪಿಸುಮಾತಿನ ಗ್ಯಾಲರಿಗೆ ಹತ್ತಲಿಲ್ಲ ಎಂಬ ಅರ್ಥವೂ ಹೊರಡಬಹುದು.

ನಮ್ಮ ಭಾಗದ ‘ಬರೇ’ ಎಂಬ ಪದ ಇಲ್ಲಿ ಒಳ್ಳೆಯ ದಾರಿ ತೋರುತ್ತದೆ. ‘ಬರೇ ರೊಟ್ಟಿ ತಿಂದ’ ಎನ್ನುವಾಗ ಅದು ರೊಟ್ಟಿಯ ಹಿಂದೆಯೇ ಇರುತ್ತದೆ. ಮಕ್ಕಳಿಗೆ ‘ಓನ್ಲಿ’ ಕಲಿಸುವವರು ‘ಮಾತ್ರ’ ಎಂಬುದಕ್ಕಿಂತ ‘ಬರೇ’ಯಿಂದ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ‘ಮಾತ್ರ’ ಯಾವಾಗಲೂ ಪದದ ನಂತರ ಬರುತ್ತದೆ.

ಹಾಗೆಂದು ಅತಿಯಾದ ಮಡಿವಂತಿಕೆಯೂ ಬೇಡ. ಇಂಗ್ಲಿಷ್ ಬಳಕೆಯ ಕುರಿತು 1926ರಲ್ಲಿ ನಿಘಂಟು ಪ್ರಕಟಿಸಿದ ಫೌಲರ್ ಅವರೇ, ಅರ್ಥ ಕೆಡದಿದ್ದರೆ ‘ಓನ್ಲಿ’ ರೂಢಿಯಂತೆ ಕ್ರಿಯಾಪದದ ಹಿಂದಿರಲಿ ಎಂದು ವಾದಿಸಿದ್ದರು. ಮಾತಿನಲ್ಲಂತೂ ದನಿಯ ಒತ್ತೇ ಅರ್ಥವನ್ನು ಗೊತ್ತುಮಾಡುತ್ತದೆ.

ಕಾಗದಕ್ಕೆ ಆ ದನಿಯಿಲ್ಲ. ‘ಓನ್ಲಿ ಸ್ಟೂಡೆಂಟ್ಸ್ ಕ್ಯಾನ್ ಅಪ್ಲೈ ಆನ್‌ಲೈನ್’ ಎಂದು ನೋಟಿಸು ಹಚ್ಚಿದರೆ, ಉಳಿದವರಿಗೆ ಆನ್‌ಲೈನ್ ಅರ್ಜಿಯ ಅವಕಾಶವಿಲ್ಲ. ‘ಸ್ಟೂಡೆಂಟ್ಸ್ ಕ್ಯಾನ್ ಅಪ್ಲೈ ಓನ್ಲಿ ಆನ್‌ಲೈನ್’ ಎಂದರೆ, ಕಾಗದದ ಅರ್ಜಿ ಹಿಡಿದು ಜಮಖಂಡಿಯಿಂದ ಬಾಗಲಕೋಟೆಗೆ ಬಂದ ವಿದ್ಯಾರ್ಥಿ ಬರಿಗೈಯಲ್ಲಿ ಮರಳಬೇಕು.

ಕೊನೆಯಲ್ಲಿ ಬರುವ ‘ಓನ್ಲಿ’ಯೆಲ್ಲ ತಪ್ಪೆಂದೂ ತಿಳಿಯಬಾರದು. ‘ಲೇಡೀಸ್ ಓನ್ಲಿ’ ಎಂಬ ಫಲಕ ಸರಿಯಾಗಿಯೇ ಇದೆ. ಚೆಕ್ಕಿನಲ್ಲಿ ‘ರುಪೀಸ್ ಫೈವ್ ಥೌಸಂಡ್ ಓನ್ಲಿ’ ಎಂದು ಬರೆಯುವುದೂ ಸರಿಯೇ. ಮೊತ್ತದ ಮುಂದೆ ಬೇರೊಬ್ಬರು ಇನ್ನೊಂದು ಪದ ಸೇರಿಸದಂತೆ ಅಲ್ಲಿ ಅದನ್ನು ಕೊನೆಗೇ ಬರೆಯಬೇಕು.