ಬಿಸಿಲಿನ ತುದಿ ಹುಡುಕುವ ಪೆಟ್ಟಿಗೆ

ಕೇಳುಗರೇ, ನಮಸ್ಕಾರ.

ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್ ಎಲ್ಲರಿಗೂ ಕಾಣುತ್ತದೆ. ಕೆಳಗೆ ಗೋಡೆಗೆ ಹೊಡೆದ ಪುಟ್ಟ ಪೆಟ್ಟಿಗೆ, ಅಂದರೆ ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ತುಂಬಿಸುವ ಕಂಟ್ರೋಲರ್, ಯಾರ ಕಣ್ಣಿಗೂ ಬೀಳುವುದಿಲ್ಲ. ಇವತ್ತು ಅದರ ಮಾತು.

ನಾನು ಮೊದಲು ತಂದದ್ದು 100 ವಾಟಿನ ಪ್ಯಾನೆಲ್ ಮತ್ತು ಅಂಗಡಿಯವರು ಕೊಟ್ಟ ಅಗ್ಗದ ಕಂಟ್ರೋಲರ್. ಚಳಿಗಾಲದ ಒಂದು ಬೆಳಿಗ್ಗೆ, ಒಳ್ಳೆಯ ಬಿಸಿಲಲ್ಲಿ, ಮೀಟರ್ ಹಿಡಿದು ನೋಡಿದೆ. ಬ್ಯಾಟರಿಗೆ ಹೋಗುತ್ತಿದ್ದದ್ದು 13 ವೋಲ್ಟ್, 5.4 ಆಂಪಿಯರ್. ಗುಣಿಸಿದರೆ 70 ವಾಟ್. ಉಳಿದದ್ದು ಎಲ್ಲಿ?

ಪ್ಯಾನೆಲ್‌ನ ತಂತಿಗೆ ಏನೂ ಜೋಡಿಸದಿದ್ದರೆ ವೋಲ್ಟೇಜ್ 22ರ ಹತ್ತಿರ ಇರುತ್ತದೆ, ಕರೆಂಟ್ ಸೊನ್ನೆ. ಎರಡು ತಂತಿ ಸೇರಿಸಿಬಿಟ್ಟರೆ ಕರೆಂಟ್ ಪೂರ್ತಿ, ವೋಲ್ಟೇಜ್ ಸೊನ್ನೆ. ಎರಡೂ ಕಡೆ ನಮಗೆ ಸಿಗುವುದು ಸೊನ್ನೆ ವಾಟ್. ನಡುವೆ ಎಲ್ಲೋ, ಈ ಪ್ಯಾನೆಲ್‌ಗಾದರೆ 17–18 ವೋಲ್ಟ್ ಆಸುಪಾಸು, ವಾಟ್ ಎಲ್ಲಕ್ಕಿಂತ ಹೆಚ್ಚು ಸಿಗುವ ಒಂದು ತುದಿ ಇದೆ. ನನ್ನ ಅಗ್ಗದ ಪೆಟ್ಟಿಗೆ ಪ್ಯಾನೆಲನ್ನು ಬ್ಯಾಟರಿಗೆ ನೇರ ಕಟ್ಟಿ, 13ಕ್ಕೆ ಎಳೆದು ಕೂರಿಸಿತ್ತು. ಈ ತುದಿಯನ್ನೇ ಹುಡುಕಿ ಹಿಡಿಯುವ, ಎಂಪಿಪಿಟಿ ಅನ್ನುವ ಕಂಟ್ರೋಲರ್ ಹಾಕಿದ ಮೇಲೆ 5.4 ಇದ್ದದ್ದು 6.2 ಆಂಪಿಯರ್ ಆಯಿತು. ಪ್ಯಾನೆಲ್ ಅದೇ, ಬಿಸಿಲೂ ಅದೇ!

ಇದು ತುದಿಯನ್ನು ಹೇಗೆ ಹುಡುಕುತ್ತದೆ? ಹಳೇ ರೇಡಿಯೋದಲ್ಲಿ ಸ್ಟೇಷನ್ ಹಿಡಿಯುತ್ತಿದ್ದೆವಲ್ಲ, ಹಾಗೇ. ಗುಂಡಿಯನ್ನು ಸ್ವಲ್ಪ ತಿರುಗಿಸಿ ಕಿವಿಗೊಡುವುದು. ದನಿ ತಿಳಿಯಾದರೆ ಅದೇ ಕಡೆ ಇನ್ನಷ್ಟು, ಗೊರಗೊರ ಜಾಸ್ತಿಯಾದರೆ ಹಿಂದಕ್ಕೆ. ಪೆಟ್ಟಿಗೆಯೂ ವೋಲ್ಟೇಜನ್ನು ಚೂರು ಸರಿಸಿ, ವಾಟ್ ಏರಿತೋ ಇಳಿಯಿತೋ ನೋಡುತ್ತದೆ. ಬಿಸಿಲು ಇರುವಷ್ಟು ಹೊತ್ತೂ ಇದೇ ಕೆಲಸ. ಯಾಕೆಂದರೆ ತುದಿ ಒಂದೇ ಕಡೆ ನಿಲ್ಲುವುದಿಲ್ಲ. ಪ್ಯಾನೆಲ್ ಕಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಹಾಗಾಗಿ ಈ ಪೆಟ್ಟಿಗೆಯ ಲಾಭ ತಂಪು ಬೆಳಗಿನಲ್ಲಿ ಹೆಚ್ಚು, ಏಪ್ರಿಲ್ ಮಧ್ಯಾಹ್ನ ಕಡಿಮೆ.

ಮೋಡ ಓಡುವ ದಿನ ಈ ವಿಧಾನ ಮೋಸಹೋಗುತ್ತದೆ. ಪೆಟ್ಟಿಗೆ ತಪ್ಪು ಕಡೆ ಹೆಜ್ಜೆ ಇಟ್ಟ ಕ್ಷಣವೇ ಮೋಡ ಸರಿದು ಬಿಸಿಲು ಬಂತು ಅನ್ನಿ. ವಾಟ್ ಏರುತ್ತದೆ. ತನ್ನ ಹೆಜ್ಜೆಯಿಂದಲೇ ಏರಿತು ಅಂದುಕೊಂಡು ಅದು ಇನ್ನೂ ದೂರ ಹೋಗುತ್ತದೆ. ಇದಕ್ಕೆ ಮತ್ತೊಂದು ಲೆಕ್ಕ ಇದೆ, ನನಗೆ ಬಹಳ ಹಿಡಿಸಿದ್ದು. ವೋಲ್ಟೇಜ್ ನೂರಕ್ಕೆ ಒಂದು ಪಾಲು ಏರಿಸಿದಾಗ ಕರೆಂಟ್ ಸರಿಯಾಗಿ ನೂರಕ್ಕೆ ಒಂದು ಪಾಲು ಇಳಿದರೆ, ನಾವು ತುದಿಯಲ್ಲೇ ಇದ್ದೇವೆ. ಕಡಿಮೆ ಇಳಿದರೆ ಇನ್ನೂ ಏರಿಸಬೇಕು. ಜಾಸ್ತಿ ಇಳಿದರೆ ಇಳಿಸಬೇಕು. ಇದು ಮೋಡಕ್ಕೆ ಅಷ್ಟು ಸುಲಭವಾಗಿ ದಿಕ್ಕು ತಪ್ಪುವುದಿಲ್ಲ.

ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿನಲ್ಲೂ ಇನ್ವರ್ಟರ್‌ಗಳು, ಅಂದರೆ ಪ್ಯಾನೆಲ್‌ನ ಕರೆಂಟನ್ನು ಲೈನಿನ ಎಸಿ ಕರೆಂಟ್ ಮಾಡುವ ಪೆಟ್ಟಿಗೆಗಳು, ಹುಡುಕುವುದು ಇದೇ ತುದಿಯನ್ನು. ಅಲ್ಲಿ ಬಯಲು. ನಮ್ಮ ಊರುಗಳಲ್ಲಿ ತೆಂಗಿನ ಮರ ಇದೆಯಲ್ಲ, ತೊಂದರೆ ಅಲ್ಲೇ.

ನಮ್ಮ ಚಿಕ್ಕಪ್ಪನ ಮನೆ ಮೇಲೆ ಎಂಟು ಪ್ಯಾನೆಲ್, ಎಲ್ಲವೂ ಒಂದೇ ಸರಣಿ. ಮೂರು ಗಂಟೆಗೆ ತೆಂಗಿನ ಗರಿಯ ನೆರಳು ಎರಡರ ಮೇಲೆ ಬೀಳುತ್ತಿತ್ತು. 1,800 ವಾಟ್ ತೋರಿಸುತ್ತಿದ್ದ ಇನ್ವರ್ಟರ್ 750ಕ್ಕೆ ಇಳಿಯುತ್ತಿತ್ತು. "ಎರಡಕ್ಕೆ ನೆರಳು ಬಿದ್ರೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತೇನೋ?" ಅಂದರು. ಅವರ ಸಂಶಯ ಸರಿಯೇ. ನೆರಳು ಬಿದ್ದಾಗ ಒಂದೇ ತುದಿ ಇರುವುದಿಲ್ಲ, ಎರಡು ಮೂರು ಗುಡ್ಡ ಏಳುತ್ತವೆ. ನೆರಳಿನ ಪ್ಯಾನೆಲನ್ನು ಬಿಟ್ಟು ಕರೆಂಟ್ ಪಕ್ಕದ ದಾರಿಯಲ್ಲಿ ಹೋಗಲು ಒಳಗೆ ಡಯೋಡ್ ಅನ್ನುವ ಪುಟ್ಟ ಭಾಗ ಇರುತ್ತದೆ, ಅದರಿಂದ ಹೀಗೆ. ಚೂರು ಚೂರು ಸರಿಯುವ ಪೆಟ್ಟಿಗೆ ಸಣ್ಣ ಗುಡ್ಡ ಹತ್ತಿ ಅಲ್ಲೇ ಕೂತಿತ್ತು. ಪಕ್ಕದ ದೊಡ್ಡ ಗುಡ್ಡ ಅದಕ್ಕೆ ಗೊತ್ತೇ ಇಲ್ಲ.

ಇನ್ವರ್ಟರಿನ ಮೆನುವಿನಲ್ಲಿ ನೆರಳಿಗೆಂದೇ ಒಂದು ಸೆಟ್ಟಿಂಗ್ ಇತ್ತು. ಆಫ್ ಆಗಿತ್ತು. ಆನ್ ಮಾಡಿದರೆ ಕೆಲವು ನಿಮಿಷಕ್ಕೊಮ್ಮೆ ಅದು ವೋಲ್ಟೇಜನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡಿಸಿ, ಎಲ್ಲಕ್ಕಿಂತ ಎತ್ತರದ ಗುಡ್ಡ ಹುಡುಕುತ್ತದೆ. ಮಾರನೆಯ ದಿನ ಅದೇ ಮೂರು ಗಂಟೆ, ಅದೇ ನೆರಳು. ಇನ್ವರ್ಟರ್ ತೋರಿಸಿದ್ದು 1,300 ವಾಟ್. ಚಿಕ್ಕಪ್ಪ ಗರಿ ಕಡಿಯಲು ಕರೆಸಿದ್ದವರನ್ನು ಕಾಯಿ ಕೀಳಿಸಿ ಕಳಿಸಿದರು.

ನಮಸ್ಕಾರ.