ಯಾವ ಮರದ ಬದನಿಕೆ?

ನಮಸ್ಕಾರ. ಮಂಡ್ಯದ ಹಳ್ಳಿಗಳ ಕಡೆ ಹೋದಾಗ ಹಳೇ ಮಾವಿನ ಮರಗಳನ್ನು ಒಮ್ಮೆ ತಲೆಯೆತ್ತಿ ನೋಡಿ. ಮಾವಿನ ಎಲೆಯ ನಡುವೆ ಬೇರೆಯೇ ಥರದ ದಪ್ಪ ಎಲೆ, ಕೊಳವೆಯಂಥ ಕಿತ್ತಳೆ ಹೂವು. ಅದೇ ಬದನಿಕೆ. ಬಂದಳಿಕೆ ಅಂತಲೂ ಅನ್ನುತ್ತಾರೆ. ಪುಟ್ಟ ಹಕ್ಕಿಗಳು ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಮೆತ್ತಿ ಹೋಗುತ್ತವೆ. ಅಲ್ಲೇ ಮೊಳೆತು, ಮರದೊಳಗೇ ಬೇರು ಇಳಿಸಿ ನೀರು, ಸಾರ ಹೀರುತ್ತದೆ.

ಈ ಹೀರುವುದೇ ನನ್ನ ಇವತ್ತಿನ ಮಾತು.

ನಮ್ಮ ದೊಡ್ಡಮ್ಮನಿಗೆ ಬಿಪಿ ಇದೆ. ಯಾರೋ ಹೇಳಿದರು ಅಂತ ಮಾತ್ರೆ ಜೊತೆಗೇ ಬದನಿಕೆ ಪುಡಿಯ ಕಷಾಯ ಶುರು ಮಾಡಿದರು. ವಾರದಲ್ಲಿ ತಲೆಸುತ್ತು ಬಂದು ಹಿತ್ತಲಲ್ಲಿ ಬಿದ್ದರು. ಕಷಾಯವೇ ಕಾರಣ ಅಂತ ನಾನು ಹೇಳಲಾರೆ. ಆದರೆ ಡಾಕ್ಟರು "ಯಾವ ಮರದ್ದಮ್ಮ ಇದು?" ಅಂತ ಕೇಳಿದಾಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೊಟ್ಟಣದ ಮೇಲೂ ಬರೆದಿರಲಿಲ್ಲ.

ಅದು ಸಣ್ಣ ಪ್ರಶ್ನೆ ಅಲ್ಲ. ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನುವ ಕಡು ವಿಷ ಇದೆ. ಆ ಮರದ ಮೇಲೆ ಬೆಳೆದ ಬದನಿಕೆಯಲ್ಲೂ ಅದು ಸಿಕ್ಕಿದೆ. ಒಣಗಿಸಿ ಪುಡಿ ಮಾಡಿದ ಮೇಲೆ ಮಾವಿನದ್ದೋ ಕಾಸರಕದ್ದೋ, ಕಣ್ಣಿಗೆ ಗೊತ್ತಾಗುತ್ತಾ? ಹಳೇ ನಾಟಿ ವೈದ್ಯರು ಬರೀ ಬದನಿಕೆ ಅನ್ನುತ್ತಿರಲಿಲ್ಲ. ಹೊಂಗೆ ಬದನಿಕೆ, ಮಾವಿನ ಬದನಿಕೆ ಅಂತ ಮರದ ಹೆಸರು ಸೇರಿಸಿಯೇ ಹೇಳುತ್ತಿದ್ದರು. ಈಗ ಮೊಬೈಲಲ್ಲಿ ಹರಿದಾಡುವ ಮನೆಮದ್ದಿನಲ್ಲಿ ಆ ಮರದ ಹೆಸರೇ ಬಿಟ್ಟುಹೋಗಿದೆ. ನನಗೆ ನೋವಾಗುವುದು ಅಲ್ಲೇ.

ಇನ್ನೊಂದು ಮಾತು ಕೇಳಿರುತ್ತೀರಿ, ಯುರೋಪಿನಲ್ಲಿ ಇದರಿಂದ ಕ್ಯಾನ್ಸರ್ ವಾಸಿ ಮಾಡುತ್ತಾರೆ ಅಂತ. ಅಲ್ಲಿಯದು ಬೇರೆ ಜಾತಿಯ ಬದನಿಕೆ, ವಿಸ್ಕಮ್ ಆಲ್ಬಮ್ ಅಂತ. ನಮ್ಮ ಮಾವಿನ ಮರದ್ದಲ್ಲ. 1917ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಇಟಾ ವೆಗ್ಮನ್ ಅನ್ನುವ ವೈದ್ಯೆ ಅದನ್ನು ಕೊಡಲು ಶುರು ಮಾಡಿದರು. ಕೊಡುವುದು ಇಂಜೆಕ್ಷನ್ ಆಗಿ, ಅದೂ ಹೆಚ್ಚಾಗಿ ಮುಖ್ಯ ಚಿಕಿತ್ಸೆಯ ಜೊತೆಗೆ. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಅದನ್ನು ಕ್ಯಾನ್ಸರ್ ಔಷಧಿ ಅಂತ ಒಪ್ಪಿಲ್ಲ. ಅಲ್ಲೂ ಸೇಬಿನ ಮರದ್ದು, ಓಕ್ ಮರದ್ದು, ಪೈನ್ ಮರದ್ದು ಅಂತ ಬೇರೆ ಬೇರೆ ಮಾಡಿಯೇ ತಯಾರಿಸುತ್ತಾರೆ, ಗಮನಿಸಿ. ಅದೇ ಗಿಡದ ಎಲೆ, ಹಣ್ಣು ಜಾಸ್ತಿ ತಿಂದರೆ ವಾಂತಿ ಆಗಬಹುದು, ಎದೆಬಡಿತ ನಿಧಾನ ಆಗಬಹುದು.

ಬಸುರಿಯರು, ಬಿಪಿ ಅಥವಾ ಹೃದಯದ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ಸುಮ್ನೆ ಕುಡಿದು ನೋಡಲು ಹೋಗಬೇಡಿ. ಮನೆಯಲ್ಲಿ ಅಂಥ ಪೊಟ್ಟಣ ಇದ್ದರೆ, ಕೊಟ್ಟವರ ಹತ್ತಿರ ಮರದ ಹೆಸರು ಕೇಳಿ. ಹೇಳಲು ಬರದಿದ್ದರೆ ವಾಪಸ್ ಕೊಟ್ಟುಬಿಡಿ.