ಪಲ್ಪಿಂಗ್ ನೀರು ತೋಡಿಗೆ ಇಳಿಯದಿರಲಿ

ಕಾಫಿ ಬೆಳೆಗಾರ ಬಾಂಧವರಿಗೆ ನಮಸ್ಕಾರ.

ಅರೇಬಿಕಾ ಕುಯ್ಲು ನಡೆದಿದೆ. ಕಣದಲ್ಲಿ ತೆಳು ಪೊರೆಯುಳ್ಳ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗುತ್ತಿದ್ದರೆ, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮನೆಯ ಹಿಂದೆ ಸಿಪ್ಪೆಯ ರಾಶಿ ಏರುತ್ತಿದೆ. 100 ಕೆ.ಜಿ. ಹಣ್ಣಿಗೆ ಹತ್ತಿರ ಹತ್ತಿರ 40 ಕೆ.ಜಿ. ಹಸಿ ಸಿಪ್ಪೆ, ಅದರ ಜೊತೆಗೆ ಬೀಜಕ್ಕೆ ಅಂಟಿದ ಲೋಳೆ ತೊಳೆದ ನೀರು, ಅಂದರೆ ಪಲ್ಪಿಂಗ್ ನೀರು. ಸಿಪ್ಪೆ ಬಿದ್ದಲ್ಲೇ ಇರುತ್ತದೆ. ನೀರು ಬೇಲಿ ದಾಟಿ ಕೆಳಗಿನವರ ಗದ್ದೆಗೆ, ಬಾವಿಗೆ, ಹೊಳೆಗೆ ಹೋಗುತ್ತದೆ. ಆದ್ದರಿಂದ ಮೊದಲು ನೀರಿನ ವಿಚಾರ.

ಲೋಳೆಯಲ್ಲಿರುವುದು ಸಕ್ಕರೆ ಮತ್ತು ಪೆಕ್ಟಿನ್ ಎಂಬ ಅಂಟು. ಅದು ವಿಷವಲ್ಲ, ಆದರೆ ತೋಡು ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಒಂದು ಲೀಟರ್ ತಿಳಿನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಒಂದು ಲೀಟರ್ ಪಲ್ಪಿಂಗ್ ನೀರು ಕೊಳೆಯಲು 3000 ಮಿಲಿಗ್ರಾಂ ಸಲೀಸಾಗಿ ಬೇಕು. ಹಾಗಾದರೆ ಆ ಒಂದು ಲೀಟರು 375 ಲೀಟರ್ ಹೊಳೆ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಆಟಿ ಮಳೆಗಾಲದ ತುಂಬು ಹೊಳೆ ಇದನ್ನು ಹೇಗೋ ತಡೆದುಕೊಂಡೀತು. ಜನವರಿಯಲ್ಲಿ ಸೊರಗುವ ಕೊಡಗಿನ ಲಕ್ಷ್ಮಣತೀರ್ಥ ಹೊಳೆಗೆ ಆ ಶಕ್ತಿಯಿಲ್ಲ.

ಅರ್ಧ ಕೆಲಸ ಪಲ್ಪರ್ ಬಾಯಲ್ಲೇ ಆಗಬೇಕು. ಸಿಪ್ಪೆಯನ್ನು ನೀರಿನ ಕಾಲುವೆಯಲ್ಲಿ ತೇಲಿಸಿ ಕಳಿಸುವ ಪದ್ಧತಿ ಬಿಡಿ. ನೆನೆದ ಸಿಪ್ಪೆಯಿಂದ ಸಕ್ಕರೆಯೂ ಟ್ಯಾನಿನ್ನೂ ಇಳಿದು ನೀರು ಕಪ್ಪಾಗುತ್ತದೆ, ಗೊಬ್ಬರವಾಗಬೇಕಾದ ಪೊಟ್ಯಾಷ್ ಕೂಡ ಹರಿದುಹೋಗುತ್ತದೆ. ಸ್ಕ್ರೂ ಕನ್ವೇಯರ್ ಇದ್ದರೆ ಸರಿ, ಇಲ್ಲದಿದ್ದರೆ ಬುಟ್ಟಿಯಲ್ಲಾದರೂ ಒಣದಾಗಿಯೇ ಸಾಗಿಸಿ. ಪಲ್ಪರ್ ನೀರನ್ನು ಜರಡಿ ಹಿಡಿದು ಅದೇ ದಿನ ಮತ್ತೆ ಪಲ್ಪರ್‌ಗೇ ತಿರುಗಿಸಬಹುದು. ಮಾರನೇ ದಿನಕ್ಕೆ ಇಟ್ಟುಕೊಳ್ಳಬೇಡಿ, ಹುಳಿತ ನೀರು ಬೀಜದ ಬಣ್ಣವನ್ನೂ ವಾಸನೆಯನ್ನೂ ಕೆಡಿಸುತ್ತದೆ. ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು.

ಉಳಿದ ನೀರು ಹೊಂಡಕ್ಕೆ. ಹೊಂಡದ ತಳಕ್ಕೆ ಜೇಡಿಮಣ್ಣು ಕುಟ್ಟಿರಬೇಕು ಅಥವಾ ದಪ್ಪ ಹಾಳೆ ಹಾಸಿರಬೇಕು. ರಾತ್ರಿ ಕಳೆಯುವುದರೊಳಗೆ ನೀರು ಹುಳಿಯುತ್ತದೆ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ರ ಸುಮಾರಿಗೆ ಇಳಿಯುತ್ತದೆ. ಆಗ ಪೆಕ್ಟಿನ್ ಒಡೆದು ಮೇಲೆ ದಪ್ಪ ಕೆನೆಯಂತೆ ಕಟ್ಟುತ್ತದೆ. ಅದನ್ನು ಮೊದಲು ಬಾಚಿ ಗೊಬ್ಬರದ ಗುಂಡಿಗೆ ಹಾಕಿ. ಹಾಗೇ ಬಿಟ್ಟರೆ ಒಣಗಿ ಹೆಪ್ಪುಗಟ್ಟಿ ಹೊಂಡವೇ ಮುಚ್ಚಿಹೋಗುತ್ತದೆ.

ಆಮೇಲೆ ಸುಣ್ಣ. ಸುಣ್ಣದ ಪುಡಿಯನ್ನು ಒಮ್ಮೆಲೇ ಸುರಿಯುವುದರಿಂದ ಪ್ರಯೋಜನವಿಲ್ಲ, ಅದು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಕೆಟ್ಟಿನಲ್ಲಿ ನೀರು ಹಾಕಿ ತೆಳ್ಳಗೆ ಕಲಸಿ, 1000 ಲೀಟರಿಗೆ 1 ಕೆ.ಜಿ.ಯಿಂದ ಶುರುಮಾಡಿ, ಪಿಎಚ್ ಕಾಗದ 7ರ ಹತ್ತಿರ ತೋರಿಸುವವರೆಗೆ ಬೆರೆಸಿ. ಮರುದಿನ ಮತ್ತೆ ನೋಡಿ, ಉಳಿದ ಸಕ್ಕರೆ ಹುಳಿತು ಪಿಎಚ್ ಪುನಃ ಇಳಿದಿರುತ್ತದೆ, ಮತ್ತೆ ಸುಣ್ಣ ಬೆರೆಸಬೇಕು. ಇಲ್ಲೇ ಹೆಚ್ಚಿನವರು ಕೈಬಿಡುವುದು. ಹುಳಿ ನೀರಿನಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಬದುಕುವುದಿಲ್ಲ, ಕೊಳೆಯುವ ಕೆಲಸ ಅರ್ಧಕ್ಕೇ ನಿಂತು ನಾತ ಹೊಡೆಯುತ್ತದೆ. ಸುಣ್ಣದ ನಂತರ ಸಗಣಿ ಬಗ್ಗಡ ಹಾಕಿ, ಸುಮಾರು ಮೂರು ವಾರ ಬಿಡಿ. ಹೊಂಡದ ಬಾಯಿ ತುಂಬಿಸಬೇಡಿ. ಕಾಫಿ ಹೂ ಅರಳಿಸುವ ಹೂಮಳೆ ಒಂದೇ ರಾತ್ರಿಯಲ್ಲಿ ಅದನ್ನು ತೋಡಿಗೆ ಉಕ್ಕಿಸಬಲ್ಲದು.

ಇನ್ನು ಸಿಪ್ಪೆ. ಹಸಿಯಾಗಿ ಗಿಡದ ಬುಡಕ್ಕೆ ಸುರಿಯಬೇಡಿ, ಕೊಳೆಯುವಾಗಿನ ಬಿಸಿ ಬೇರಿಗೆ ತಟ್ಟುತ್ತದೆ. ಐದು ಅಡಿ ಅಗಲ, ನಾಲ್ಕಡಿ ಎತ್ತರದ ರಾಶಿ ಮಾಡಿ. ಅರ್ಧ ಅಡಿ ಸಿಪ್ಪೆ, ಅದರ ಮೇಲೆ ಸಿಲ್ವರ್ ಓಕ್ ತರಗು, ಸಗಣಿ ನೀರು, ಹೀಗೆ ಪದರ ಪದರವಾಗಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಧಾರೆ ಬಂದರೆ ತರಗು ಸಾಲದು. ಅಂಥ ರಾಶಿಯಲ್ಲಿ ಗಾಳಿಯಾಡದೆ ಹುಳು ಬೀಳುತ್ತದೆ. ಮೂರು ವಾರಕ್ಕೊಮ್ಮೆ ಮಗುಚಿ. ಕಾಯಿಕೊರಕ ಕೀಟ ಇರುವ ತೇಲುಕಾಯಿಯನ್ನು (ನೀರಿನಲ್ಲಿ ತೇಲುವ ಜೊಳ್ಳು ಹಣ್ಣನ್ನು) ರಾಶಿಗೆ ಸೇರಿಸುವ ಮೊದಲು ಎರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ.

ಜನವರಿಯಲ್ಲಿ ಹಾಕಿದ ರಾಶಿ ಮೇ ಹೊತ್ತಿಗೆ ಕಪ್ಪಾಗಿ, ಮಣ್ಣಿನ ವಾಸನೆ ಬರುವಂತೆ ಆಗಿರುತ್ತದೆ. ಒಳಗೆ ಕೈಯಿಟ್ಟಾಗ ಇನ್ನೂ ಬಿಸಿಯಿದ್ದರೆ ಗಿಡಕ್ಕೆ ಹಾಕಬೇಡಿ. ಮಳೆಗೆ ನೆನೆಯದಂತೆ ಸೂರಿನಡಿ ಸೇರಿಸಿ, ಸೆಪ್ಟೆಂಬರ್ ಕಳೆದ ಮೇಲೆ ಕೊಡಿ.